ತಡ ಮಾಡಿದವರು ನಾವಲ್ಲ

ದವಾಖಾನೆಯಿಂದ ಮನೆಗೆ ಕಳಿಸುವಾಗ ಕೊಟ್ಟ ಕಾಗದದಲ್ಲಿ ನನ್ನ ಬಗ್ಗೆ ಇಂಗ್ಲಿಷಿನಲ್ಲಿ ಎರಡು ಸಾಲುಗಳಿದ್ದವು. ರೋಗಿಯನ್ನು ತಡವಾಗಿ ತಂದರು ಎಂದು ಒಂದು. ಮಗು ಸತ್ತು ಹುಟ್ಟಿತು ಎಂದು ಇನ್ನೊಂದು. ಎರಡೂ ಸುಳ್ಳು. ಅವನ್ನು ಹೊಡೆದುಹಾಕಿಸಲು ನನಗೆ ಐದು ತಿಂಗಳು ಬೇಕಾಯಿತು.

ಈಗ ನನಗೆ ಎಪ್ಪತ್ತು ದಾಟಿದೆ. ಹೋದ ದೀಪಾವಳಿಯ ಹೊತ್ತಿಗೆ ನಮ್ಮ ಓಣಿಯ ಹುಡುಗಿಯೊಬ್ಬಳು ಹೆರಿಗೆಗೆಂದು ಹೋದವಳು ಬರಿಗೈಯಲ್ಲಿ ಮನೆಗೆ ಬಂದಳು. ನೋಡಲು ಹೋದವರೆಲ್ಲ, "ಆದದ್ದು ಆತು, ಕೆದಕಬ್ಯಾಡ" ಎಂದು ಹೇಳಿ ಬಂದರು. ನಾನು ಹೋಗಿ ಆಕೆಯ ಹಾಸಿಗೆಯ ಮೇಲೆ ಕೂತು, "ಕೆದಕು" ಎಂದೆ. ಆ ಮಧ್ಯಾಹ್ನ ಆಕೆಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದವಾಖಾನೆಯ ಹೆಸರು ಹೇಳುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ನಡುವೆ ಎಲ್ಲೋ ಇತ್ತು ಅಂದುಕೊಳ್ಳಿ. ಧರ್ಮಾರ್ಥ ನಡೆಸುತ್ತಿದ್ದ ದವಾಖಾನೆ, ಈಗ ಮುಚ್ಚಿದೆ. ಅಂಜಿಕೆಯಿಂದ ಹೆಸರು ಬಿಟ್ಟಿಲ್ಲ. ಅಲ್ಲಿದ್ದವರಲ್ಲಿ ಕೆಲವರು ಕೊನೆಗೆ ಬಾಯಿ ತೆರೆದು ನಿಜ ಹೇಳಿದರು, ಅದಕ್ಕಾಗಿ ಬಿಟ್ಟಿದ್ದೇನೆ.

ನಾನು ಇಂಡಿಯವಳು. ಅಪ್ಪ ನಿಂಬೆ ತೋಟಗಳಲ್ಲಿ ಹಣ್ಣು ಕೀಳಿಸಿ ಲಾರಿಗೆ ಹಾಕಿಸುವ ಕೆಲಸ ಮಾಡುತ್ತಿದ್ದ. ಅವ್ವ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಳು. ವಿಜಾಪುರದಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಟೈಪಿಂಗ್ ಕಲಿತೆ. ಮದುವೆಯಾದದ್ದು ತಾಳಿಕೋಟೆ ಕಡೆಯ ಒಂದು ಹಳ್ಳಿಗೆ, ಕುರಿ ಸಾಕುವ ಮನೆತನಕ್ಕೆ. ಗಂಡ ಮಾಳಪ್ಪ ಮಾತ್ರ ಕುರಿ ಬಿಟ್ಟು ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ನಾನು ಪೇಟೆಯಲ್ಲಿ ಒಬ್ಬ ವಕೀಲರ ಹತ್ತಿರ ಟೈಪ್ ಮಾಡುವ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅತ್ತೆ ಬೀರವ್ವ ಅದಕ್ಕೆ ಹೂಂ ಅಂದವಳಲ್ಲ, ಬೇಡ ಅಂದವಳೂ ಅಲ್ಲ. ಯಾರಾದರೂ ಕೇಳಿದರೆ, "ಸೊಸಿ ಪ್ಯಾಟ್ಯಾಗ ಕಟಕಟ ಕುಟ್ಟಾಕ ಹೋಗ್ತಾಳ" ಎನ್ನುತ್ತಿದ್ದಳು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ನನ್ನ ತವರಿನಲ್ಲಿ ನೋಡಿಕೊಳ್ಳುವ ಹೆಣ್ಣುಜೀವ ಇರಲಿಲ್ಲ. "ನನ್ನ ಮನ್ಯಾಗ ಆಗಲಿ, ನಾ ಏನ್ ಸತ್ತೇನಿ?" ಎಂದು ಅತ್ತೆಯೇ ಹೇಳಿದಳು.

ಏಳು ತಿಂಗಳು ತುಂಬಿದ ಮೇಲೆ ನನ್ನ ಕಾಲು ಬಾತುಕೊಂಡವು. ಚಪ್ಪಲಿ ಹಿಡಿಯದೆ ಮಾಳಪ್ಪನ ಚಪ್ಪಲಿ ಹಾಕಿಕೊಂಡು ಆ ದವಾಖಾನೆಗೆ ಹೋದೆ. ಅಲ್ಲಿ ಸುಶೀಲಾ ಎಂಬ ನರ್ಸ್ ಇದ್ದಳು, ನನ್ನಷ್ಟೇ ವಯಸ್ಸು. ಆಕೆ ನನ್ನ ಮೊಳಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿದಳು. ಕುಳಿ ಬಿತ್ತು, ಬಿದ್ದದ್ದು ಏಳಲಿಲ್ಲ. ಆಕೆ ಅದನ್ನೇ ನೋಡುತ್ತ ನಿಂತಿದ್ದು ನನಗೆ ನೆನಪಿದೆ. ಆಮೇಲೆ ಬಂದ ದೊಡ್ಡ ಡಾಕ್ಟರು ಬಾಗಿಲಲ್ಲೇ ನಿಂತು, "ಬಸುರಾಗ ಕಾಲು ಬಾಯ್ತಾವವ್ವಾ, ಉಪ್ಪು ಕಡಿಮಿ ಮಾಡು" ಎಂದು ಹೇಳಿ ಹೋದರು. ಅವರನ್ನು ಎಲ್ಲರೂ ದೊಡ್ಡ ಡಾಕ್ಟರು ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಉಪ್ಪು ಕಡಿಮೆ ಮಾಡಿದೆ. ಬಾವು ಮುಖಕ್ಕೆ ಏರಿತು.

ಮುಂದಿನ ತಿಂಗಳು ಒಂದು ಮಂಗಳವಾರ ಬೆಳಗಾಗುವಾಗ ತಲೆನೋವಿನಿಂದ ಎಚ್ಚರವಾಯಿತು. ಅಂಥ ತಲೆನೋವು ನಾನು ಕಂಡಿರಲಿಲ್ಲ. ಎದೆಯ ಕೆಳಗೆ ಯಾರೋ ಮೊಣಕೈ ಊರಿ ಒತ್ತಿದಂತೆ. ಒಲೆಯ ಮುಂದೆ ಕೂತಿದ್ದ ಅತ್ತೆ ಒಬ್ಬಳೇ ಇಬ್ಬರಾಗಿ ಕಂಡಳು.

ಬೇರೆ ಮನೆಯಾಗಿದ್ದರೆ ಸೂಲಗಿತ್ತಿಯನ್ನು ಕರೆಸುತ್ತಿದ್ದರು. ತುರ್ತು ಪರಿಸ್ಥಿತಿ ಮುಗಿದು ವರ್ಷವಾಗಿದ್ದರೂ ದವಾಖಾನೆ ಎಂದರೆ ಹಿಡಿದು ಮಕ್ಕಳಾಗದಂತೆ ಆಪರೇಶನ್ ಮಾಡುತ್ತಾರೆ ಎಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಹೋಗಿರಲಿಲ್ಲ. ಬೀರವ್ವ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ಇದು ಹೆರಿಗಿ ಬ್ಯಾನಿ ಅಲ್ಲ ಕಸ್ತೂರಿ. ಇದು ಬ್ಯಾರೆ ಏನೋ ಐತಿ. ಎದ್ದೇಳು, ಮೊದಲನೇ ಬಸ್ಸಿಗೆ ಹೋಗೂಣು."

ಮಾಳಪ್ಪ ಆ ದಿನ ಸಿಂದಗಿ ಕಡೆಯ ಬಸ್ಸಿನಲ್ಲಿ ಡ್ಯೂಟಿ ಮೇಲಿದ್ದ. ನಮ್ಮ ಬಸ್ಸಿನ ಕಂಡಕ್ಟರ್ ನಬೀಸಾಬ ಅವನ ಗೆಳೆಯ. ನನ್ನನ್ನು ನೋಡಿ ಮುಂದಿನ ಸೀಟು ಬಿಡಿಸಿಕೊಟ್ಟ. ಕಿಟಕಿಯ ಸರಳು ತಣ್ಣಗಿತ್ತು, ಅದಕ್ಕೆ ಹಣೆ ಒತ್ತಿಕೊಂಡೆ. ನನ್ನ ನೆನಪು ಅಲ್ಲಿಗೆ ಮುಗಿಯುತ್ತದೆ.

ಮತ್ತೆ ಕಣ್ಣು ಬಿಟ್ಟದ್ದು ಗುರುವಾರ. ನಾಲಿಗೆ ಕಚ್ಚಿ ಹರಿದಿತ್ತು. ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದರು. ಹೊಟ್ಟೆಯ ಮೇಲೆ ಕೈ ಇಟ್ಟೆ. ಮಾಳಪ್ಪ ಗೋಡೆಗೆ ಆತು ನಿಂತಿದ್ದ, ಅತ್ತೆ ನೆಲದ ಮೇಲೆ ಕೂತಿದ್ದಳು.

"ಕೂಸು?"

ಅತ್ತೆ ಎದ್ದು ಬಂದು ನನ್ನ ಕೈಯನ್ನು ಹೊಟ್ಟೆಯ ಮೇಲಿಂದ ತೆಗೆದಳು.

"ಗಂಡೋ ಹೆಣ್ಣೋ?"

"ಅದನ್ನ ತಗೊಂಡು ಏನ್ ಮಾಡ್ತಿ ಈಗ? ಮಲಗು," ಎಂದಳು ಅತ್ತೆ.

"ಹೆಣ್ಣು," ಎಂದ ಮಾಳಪ್ಪ. ಅವನೇ ಹೊಲದ ಬದುವಿಗೆ ಒಯ್ದು ಮಣ್ಣು ಮಾಡಿ ಬಂದಿದ್ದ. ಅತ್ತಿತೇ ಎಂದು ಕೇಳಿದೆ. "ನಾ ಬರೂದ್ರಾಗ ಎಲ್ಲಾ ಮುಗದಿತ್ತು" ಎಂದು ಹೇಳಿ ಹೊರಗೆ ಹೋದ.

ಬಿ.ಪಿ. ಏರಿ ಫಿಟ್ಸ್ ಬಂದಿತ್ತು, ಒಂದಲ್ಲ ನಾಲ್ಕು ಸಲ. ದೊಡ್ಡ ಡಾಕ್ಟರು ರೌಂಡಿಗೆ ಬಂದಾಗ ಹೇಳಿದರು: "ನೀ ಉಳದದ್ದ ದೊಡ್ಡದು. ಸ್ವಲ್ಪ ಲಗೂನ ಬಂದಿದ್ರ ಕೂಸೂ ಉಳೀತಿತ್ತು. ತಡಾ ಮಾಡಿದ್ರಿ ನೀವು." ಅತ್ತೆ ತಲೆ ಬಗ್ಗಿಸಿದಳು.

ನಾನು ಅದನ್ನು ನಂಬಿದೆ. ಇದನ್ನು ಹೇಳದಿದ್ದರೆ ಉಳಿದದ್ದು ಹೇಳಿ ಪ್ರಯೋಜನವಿಲ್ಲ. ಹತ್ತು ದಿನ ಆ ಮಂಚದ ಮೇಲೆ ಮಲಗಿ ಅತ್ತೆಯ ಮೇಲೆ ಹಲ್ಲು ಕಡಿದೆ. ಬೆಳಗಿನ ಕಸ ಮುಸುರೆ ಮುಗಿಸಿ ಹೊರಟಿರಬೇಕು, ದಾರಿಯಲ್ಲಿ ಯಾರನ್ನೋ ಮಾತಾಡಿಸಿರಬೇಕು, ದೇವರಿಗೆ ಹರಕೆ ಕಟ್ಟುತ್ತ ಕೂತಿರಬೇಕು ಎಂದು ನನಗೆ ನಾನೇ ಕಥೆ ಕಟ್ಟಿಕೊಂಡೆ. ನನ್ನ ನೆನಪಿನಲ್ಲಿ ಆ ದಿನ ಇರಲಿಲ್ಲ. ಇಲ್ಲದ ಜಾಗದಲ್ಲಿ ಡಾಕ್ಟರ ಮಾತು ಬಂದು ಕೂತಿತ್ತು.

ಮನೆಗೆ ಹೊರಡುವ ದಿನ ಎದೆಯ ಬಟ್ಟೆ ಬದಲಿಸಲು ಹುಸೇನಬಿ ಎಂಬ ಆಯಾ ಬಂದಳು. ವಯಸ್ಸಾದ ಹೆಂಗಸು. ಹಾಲು ನಿಂತಿರಲಿಲ್ಲ, ಬಟ್ಟೆ ಒದ್ದೆಯಾಗಿತ್ತು. ಹಿಂದಿನಿಂದ ಗಂಟು ಹಾಕುತ್ತ, ನನ್ನ ಕಿವಿಯ ಹತ್ತಿರ, "ಅತ್ತಿತ್ತವ್ವಾ ನಿನ್ನ ಕೂಸು," ಎಂದಳು. "ಸಣ್ಣಗ, ಬೆಕ್ಕಿನ ಮರಿ ಹಂಗ. ನಾ ಕೇಳೀನಿ. ನಾ ಹೇಳೀನಂತ ಯಾರಿಗೂ ಹೇಳಬ್ಯಾಡ."

ತಿರುಗಿ ನೋಡುವಷ್ಟರಲ್ಲಿ ಆಕೆ ಬೋಗುಣಿ ಎತ್ತಿಕೊಂಡು ಹೋಗಿಬಿಟ್ಟಿದ್ದಳು.

ಮನೆಗೆ ಬಂದ ಮೇಲೆ ಆ ಕಾಗದ ತೆಗೆದು ಓದಿದೆ. ವಕೀಲರ ಹತ್ತಿರ ಇಂಗ್ಲಿಷ್ ಕಾಗದ ಟೈಪ್ ಮಾಡಿ ಮಾಡಿ ಓದಲು ಬರುತ್ತಿತ್ತು. ಮೊದಲ ಸಾಲನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿದೆ, ಅತ್ತೆಗೆ ಚುಚ್ಚಬೇಕೆಂದೇ ಓದಿದೆ. ಆಕೆ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

"ಅವರು ಹಂಗ ಬರದಾರೇನು? ಬಾಯಿಲೆ ಅಂದದ್ದು ಬ್ಯಾರೆ. ಬರದಾರೇನು?"

"ಬರದಾರ."

"ಎಂಟೂವರಿ ಒಳಗ ದವಾಖಾನಿ ಕಟ್ಟಿ ಮ್ಯಾಲ ಕುಂದ್ರಿಸೇನಿ ನಿನ್ನ. ನಬೀಸಾಬ ಸ್ಟ್ಯಾಂಡಿಗೆ ಹೋಗದ ಬಾಗಿಲ ಮುಂದ ಬಸ್ ನಿಂದ್ರಿಸಿದ. ಹನ್ನೆರಡು ಹೊಡಿಯೂತನಾ ಅಲ್ಲೇ ಕುಂತಿದ್ವಿ. ಮೂರು ಸಲ ಎದ್ದು ಹೋಗಿ ಹೇಳೇನಿ, ಹುಡುಗಿಗೆ ಕಣ್ಣು ಕಾಣವೊಲ್ಲವು ಅಂತ. 'ಸರದಿ ಐತಿ ಮುದುಕಿ, ಕೂಡ್ರು' ಅಂದ್ರು. ನನ್ನ ತೊಡಿ ಮ್ಯಾಲ ನಿನಗ ಫಿಟ್ಸ್ ಬಂತು!"

"ಡಾಕ್ಟರ್ ಅಂದಾಗ ಯಾಕ ಸುಮ್ಮನಿದ್ದಿ ಮತ್ತ?"

ಅತ್ತೆ ಕೈಯ ಹಿಟ್ಟು ಉದುರಿಸಿಕೊಂಡಳು. "ಹಿಂದಿನ ದಿನಾನ ಕರಕೊಂಡು ಹೋಗಬೇಕಿತ್ತು ಅಂತ ಅಂದ್ರೇನೋ ಅಂದ್ಕೊಂಡೆ. ಕಲತವರು, ಅವರಿಗೆ ಗೊತ್ತಿರ್ತೈತಿ ಅಂದ್ಕೊಂಡೆ."

ನನಗೆ ನಾಚಿಕೆಯಾಯಿತು. ಆ ನಾಚಿಕೆ ಸಿಟ್ಟಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ವಕೀಲರು ಒಳ್ಳೆಯವರು. ಕಾಗದ ನೋಡಿ, "ಕೇಸ್ ಹಾಕೋಣೇನು ಕಸ್ತೂರಿಬಾಯಿ?" ಎಂದರು. ಒಂದು ದಿನ ಯೋಚನೆ ಮಾಡಿ ಬೇಡ ಎಂದೆ. ಕೇಸು ಬಿದ್ದರೆ ಎದುರಿನವರು ಏನು ಉತ್ತರ ಕೊಡುತ್ತಾರೆಂದು ನನಗೆ ಗೊತ್ತಿತ್ತು. ಅರ್ಜಿಯಲ್ಲಿರುವುದೆಲ್ಲ ಸುಳ್ಳು, ನಿರಾಧಾರ ಎಂಬ ಸಾಲನ್ನು ನಾನೇ ಎಷ್ಟು ಸಲ ಟೈಪ್ ಮಾಡಿದ್ದೆ! ಕೇಸಿನಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ನನಗೆ ಬೇಕಾದದ್ದು ಅವರು ಬಾಯಿ ತೆರೆಯುವುದು.

ಹಾಗಾಗಿ ಒಂದು ಪತ್ರ ಟೈಪ್ ಮಾಡಿದೆ. ಬೈದು ಬರೆಯಲಿಲ್ಲ, ಬರೀ ಪ್ರಶ್ನೆಗಳು. ನಾನು ಎಷ್ಟು ಗಂಟೆಗೆ ಬಂದೆ? ನನ್ನನ್ನು ಮೊದಲು ಮುಟ್ಟಿ ನೋಡಿದ್ದು ಯಾರು, ಎಷ್ಟು ಗಂಟೆಗೆ? ಬಿ.ಪಿ. ಯಾವಾಗ ನೋಡಿದಿರಿ? ನನ್ನ ಮಗಳು ಉಸಿರಾಡಿದಳೇ? ಎಷ್ಟು ಹೊತ್ತು? ಅವಳ ಹತ್ತಿರ ಯಾರಿದ್ದರು?

ಉತ್ತರ ಬರಲಿಲ್ಲ. ಅದೇ ಪತ್ರವನ್ನು ಮತ್ತೆ ಕಳಿಸಿದೆ. ಬಿ.ಪಿ. ಇಳಿದಿರಲಿಲ್ಲವಾದ್ದರಿಂದ ಪ್ರತಿ ಸೋಮವಾರ ತೋರಿಸಲು ಹೋಗಲೇಬೇಕಿತ್ತು. ಹೋದಾಗಲೆಲ್ಲ ಪತ್ರದ ಒಂದು ಪ್ರತಿ ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟು ಹೊರಗಿನ ಕಟ್ಟೆಯ ಮೇಲೆ ಕೂತುಕೊಳ್ಳುತ್ತಿದ್ದೆ. ನಾನು ಬಂದರೆ ಸುಶೀಲಾ ಬೇರೆ ಬಾಗಿಲಿನಿಂದ ಓಡಾಡುತ್ತಿದ್ದಳು. ಒಂದು ಸೋಮವಾರ ದೊಡ್ಡ ಡಾಕ್ಟರಿಗೆ ತಡೆಯಲಾಗಲಿಲ್ಲ.

"ಏನ್ ಬೇಕಾಗೇದ ನಿನಗ? ಇದೆಲ್ಲಾ ತಿಳಕೊಂಡು ಏನ್ ಮಾಡ್ತಿ? ಕೂಸು ತಿರುಗಿ ಬರ್ತದೇನು?"

"ಕೂಸು ಬರೂದಿಲ್ರಿ," ಎಂದೆ. "ಸುಳ್ಳು ಹೋಗ್ತೈತಿ."

ಓಣಿಯವರು ನನಗೆ ತಲೆ ಕೆಟ್ಟಿದೆ ಎಂದರು. ಮಗು ಹೋದವಳು ಅಳಬೇಕು, ಪತ್ರ ಬರೆಯುತ್ತ ಕೂಡುವುದು ಹೆಂಗಸಿನ ಲಕ್ಷಣವಲ್ಲ ಎಂದು ಮಾಳಪ್ಪನ ಅಕ್ಕ ಬಂದು ಹೇಳಿದಳು. ನಾನು ಅಳುತ್ತಿದ್ದೆ. ಅತ್ತು ಕಣ್ಣು ಒರೆಸಿಕೊಂಡು ಟೈಪ್ ಮಾಡುತ್ತಿದ್ದೆ. ಎರಡಕ್ಕೂ ನನಗೆ ಪುರುಸೊತ್ತಿತ್ತು.

ಮೂರನೆಯ ತಿಂಗಳಿಗೆ ಆ ದವಾಖಾನೆಗೆ ಧಾರವಾಡದ ಕಡೆಯಿಂದ ಡಾಕ್ಟರ್ ವಿಮಲಾ ಎಂಬುವರು ಹೊಸದಾಗಿ ಬಂದರು. ನನ್ನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿ, ಅದು ಹೀಗೇಕಾಯಿತೆಂದು ಕೇಳಿದರು. ಪತ್ರ ಕೊಟ್ಟೆ. ಅವರು ನಿಂತೇ ಓದಿದರು, ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಇನ್ನೊಮ್ಮೆ ಓದಿದರು.

"ನಾ ಕಲಿತ ದವಾಖಾನ್ಯಾಗ ತಿಂಗಳಿಗೊಮ್ಮೆ ಎಲ್ಲಾರೂ ಕೂಡ್ತಿದ್ವಿ," ಎಂದರು. "ತಾಯಿ ಸತ್ತದ್ದು, ಕೂಸು ಸತ್ತದ್ದು, ಒಂದೊಂದ ಕೇಸ್ ತಗದು ಏನಾತು, ಎಲ್ಲಿ ತಪ್ಪಿತು ಅಂತ ನೋಡ್ತಿದ್ವಿ."

"ಆ ತಾಯಂದ್ರನ್ನ ಕರೀತಿದ್ರೇನ್ರಿ ಬಾಯಾರ?"

"ಇಲ್ಲವ್ವಾ. ಕರೀತಿರಲಿಲ್ಲ."

"ಮತ್ತ ಏನಾತು ಅನ್ನೂದು ನಿಮಗ ಹೆಂಗ ತಿಳೀತಿತ್ರಿ?"

ಅವರು ಪತ್ರವನ್ನು ಮಡಚಿ ತಮ್ಮ ಚೀಲದಲ್ಲಿ ಇಟ್ಟುಕೊಂಡರು. ದವಾಖಾನೆ ನಡೆಸುವ ಹಿರಿಯರನ್ನೂ ದೊಡ್ಡ ಡಾಕ್ಟರನ್ನೂ ಒಪ್ಪಿಸಲು ಅವರಿಗೆ ಎರಡು ತಿಂಗಳಾಯಿತು. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಬರಲು ಹೇಳಿ ಕಳಿಸಿದರು. ವಕೀಲರು ಬರಬಾರದು ಎಂದು ದೊಡ್ಡ ಡಾಕ್ಟರ ಷರತ್ತು. ನಾನು ಅತ್ತೆಯನ್ನು ಕರೆದುಕೊಂಡು ಹೋದೆ.

ಡ್ರೆಸ್ಸಿಂಗ್ ಮಾಡುವ ಕೋಣೆಯಲ್ಲಿ ಕುರ್ಚಿ ಹಾಕಿದ್ದರು. ದೊಡ್ಡ ಡಾಕ್ಟರು, ವಿಮಲಾ ಡಾಕ್ಟರು, ಚೀಟಿ ಕೊಡುವ ಕಂಪೌಂಡರ್, ಸುಶೀಲಾ, ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಹುಸೇನಬಿ. ಅತ್ತೆಯನ್ನು ನೋಡಿ ದೊಡ್ಡ ಡಾಕ್ಟರು ಹುಬ್ಬು ಗಂಟಿಕ್ಕಿದರು.

"ಈ ಮುದುಕಿ ಯಾಕ?"

"ಆ ದಿನ ನನಗ ನೆನಪಿಲ್ರಿ. ಅದು ಅತ್ತಿ ಹತ್ರ ಐತಿ. ಇಬ್ರೂ ಕೂಡ್ತೇವಿ."

ವಿಮಲಾ ಡಾಕ್ಟರು ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಿರುವಿ ಗೋಡೆಗೆ ಅಂಟಿಸಿದ್ದರು. ಅದರ ಮೇಲೆ ಉದ್ದಕ್ಕೆ ಗೆರೆ ಎಳೆದು, "ಇಲ್ಲಿ ಯಾರದು ತಪ್ಪು ಅಂತ ಕೇಳೂದಿಲ್ಲ," ಎಂದರು. "ಏನಾತು, ಎಷ್ಟು ಗಂಟೆಕ್ಕ ಆತು, ಏನಾಗಬೇಕಿತ್ತು. ಇಷ್ಟ."

ಮೊದಲು ಗಂಟೆ. ಮಾಳಪ್ಪ ಡಿಪೋದಿಂದ ಆ ದಿನದ ಬಸ್ಸಿನ ಹೊತ್ತು ಬರೆಸಿಕೊಂಡು ಬಂದಿದ್ದ. ಅದನ್ನು ಕೊಟ್ಟೆ. ಕಂಪೌಂಡರ್ ತನ್ನ ಚೀಟಿಯ ಪುಸ್ತಕ ತೆರೆದ. ಆ ದಿನ ನನ್ನದು ಏಳನೆಯ ಹೆಸರು. ಅತ್ತೆ ತಾನು ಮೂರು ಸಲ ಎದ್ದು ಹೋದದ್ದನ್ನು ಹೇಳಿದಳು. ಅವನು ನೆಲ ನೋಡುತ್ತ, "ಹೇಳಿದ್ರು, ಖರೆ," ಎಂದ. ವಿಮಲಾ ಡಾಕ್ಟರು ಗೆರೆಯ ಮೇಲೆ ಬರೆಯುತ್ತ ಹೋದರು.

"ಸುಶೀಲಾ, ನೀನು ಯಾವಾಗ ನೋಡಿದಿ?"

"ಹತ್ತರ ಸುಮಾರಿಗ್ರಿ. ಮುಖಾ ನೋಡಿದ ಕೂಡಲೆ ಗೊತ್ತಾತ್ರಿ. ಬಿ.ಪಿ. ನೋಡಬೇಕಂದೆ. ಪೆಟ್ಟಿಗಿ ಕಪಾಟನ್ಯಾಗ ಇತ್ತು. ಕೀಲಿ..." ಆಕೆ ದೊಡ್ಡ ಡಾಕ್ಟರ ಕಡೆ ನೋಡಿದಳು.

"ಕೀಲಿ ನನ್ನ ಕಿಸೆದಾಗಿತ್ತು," ಎಂದರು ದೊಡ್ಡ ಡಾಕ್ಟರು. ಹಿಂದೆ ಒಮ್ಮೆ ಯಾರೋ ಬಿ.ಪಿ. ಪೆಟ್ಟಿಗೆ ಬೀಳಿಸಿ ಗಾಜು ಒಡೆದು ಪಾದರಸವೆಲ್ಲ ಚೆಲ್ಲಿತ್ತಂತೆ. ಆವತ್ತಿನಿಂದ ನರ್ಸುಗಳು ಅದನ್ನು ಮುಟ್ಟಕೂಡದು ಎಂದು ಅವರೇ ನಿಯಮ ಮಾಡಿದ್ದರು. ಆ ಮಂಗಳವಾರ ಅವರು ಯಾರದೋ ಮನೆಗೆ ರೋಗಿ ನೋಡಲು ಹೋಗಿದ್ದವರು ಹನ್ನೊಂದೂವರೆಗೆ ಬಂದರು. ಬಂದು ಸಾಲಿನ ಮೊದಲನೆಯವರಿಂದ ನೋಡಲು ಶುರು ಮಾಡಿದರು. ಹನ್ನೆರಡಕ್ಕೆ ಕಟ್ಟೆಯ ಮೇಲೆ, ಅತ್ತೆಯ ತೊಡೆಯ ಮೇಲೆ, ನನಗೆ ಫಿಟ್ಸ್ ಬಂತು.

"ನಿನಗ ಬಿ.ಪಿ. ನೋಡಾಕ ಬರ್ತಿತ್ತೇನು?" ಎಂದು ಸುಶೀಲಾಳನ್ನು ಕೇಳಿದೆ.

"ಬರ್ತಿತ್ರಿ," ಎಂದಳು. "ಹಿಂದಿನ ತಿಂಗಳು ನಿಮ್ಮ ಕಾಲು ನೋಡಿದಾಗಲೂ ಬರ್ತಿತ್ರಿ."

ಎಂಟೂವರೆಯಿಂದ ಹನ್ನೆರಡರವರೆಗೆ ವಿಮಲಾ ಡಾಕ್ಟರು ಕೆಂಪು ಶಾಯಿಯಲ್ಲಿ ಗೆರೆ ಎಳೆದರು. "ತಡಾ ಇಲ್ಲೇ ಆಗೇದ," ಎಂದರು. "ನಮ್ಮ ಕಾಂಪೌಂಡಿನ ಒಳಗ."

ದೊಡ್ಡ ಡಾಕ್ಟರು ಎದ್ದು ಹೊರಗೆ ಹೋದರು. ಇನ್ನು ಮುಗಿಯಿತು ಎಂದುಕೊಂಡೆ. ಅವರು ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ನಿಂತು ಮತ್ತೆ ಬಂದು ಕೂತರು. ಅವರಿಗೂ ವಯಸ್ಸಾಗಿದೆ ಎಂಬುದು ಆಗ ನನ್ನ ಕಣ್ಣಿಗೆ ಬಿತ್ತು.

"ಈಕೀನ್ನ ಉಳಿಸಿದಾಂವಾ ನಾನ," ಎಂದರು. "ಅದನ್ನ ಯಾರೂ ಹೇಳವೊಲ್ಲರು. ನಾಲ್ಕು ಸಲ ಫಿಟ್ಸ್ ಬಂದಾಕಿ. ಎರಡು ದಿನಾ ಮನಿಗೆ ಹೋಗಿಲ್ಲ ನಾನು."

"ಖರೇರಿ," ಎಂದೆ. "ಉಳಿಸಿದ್ರಿ. ಅದನ್ನೂ ಬರೀರಿ ಬಾಯಾರ."

ವಿಮಲಾ ಡಾಕ್ಟರು ಅದನ್ನೂ ಬರೆದರು. ಆಮೇಲೆ ನಾನೇ ಕೇಳಿದೆ. "ಈಗ ನನ್ನ ಮಗಳ ಗಂಟೆ ಹೇಳ್ರಿ."

ಬಾಗಿಲ ಹತ್ತಿರದಿಂದ ಹುಸೇನಬಿ, "ಹೇಳ ತಂಗಿ ಸುಶೀಲಾ. ನಾನೂ ಇದ್ದೆ. ನೀ ಹೇಳದಿದ್ರ ನಾ ಹೇಳ್ತೇನಿ" ಎಂದಳು. ತನ್ನ ಹೆಸರು ಹೊರಗೆ ಬರಬಾರದೆಂದು ಬೇಡಿಕೊಂಡಿದ್ದ ಹೆಂಗಸು.

ಸುಶೀಲಾ ನನ್ನ ಕಡೆ ತಿರುಗಿ ಕೂತಳು. "ಮೂರು ಗಂಟೆ ಆಗಿ ಹತ್ತು ನಿಮಿಷಕ್ಕ ಹುಟ್ಟಿತ್ರಿ. ಸಣ್ಣ ಕೂಸು. ಮೊದಲ ಉಸಿರು ತಗೀಲಿಲ್ಲ. ಬಾಯಿ ಒರಿಸಿ, ಬಾಯಿಗೆ ಬಾಯಿ ಹಚ್ಚಿ ಊದಿದೆ. ಆಮ್ಯಾಲ ಅತ್ತಿತು. ಎರಡು ಸಲ ಅತ್ತಿತು. ಸರ್‌ಗೆ ಕರದೆ, ಅವರು ನಿಮ್ಮ ಕಡೆ ಇದ್ರು, ನಿಮಗ ಮತ್ತ ಫಿಟ್ಸ್ ಬಂದಿತ್ತು. ಕೂಸು ತಣ್ಣಗಾಗಾಕತ್ತಿತ್ರಿ. ಬೆಚ್ಚಗಿಡಾಕ ನಮ್ಮಲ್ಲಿ ಏನೂ ಇರಲಿಲ್ಲ. ಹೊರಗ ಬಂದು ಈ ಅಜ್ಜಿ ಹತ್ರ ಕಂಬಳಿ ಇಸಗೊಂಡು ಹೋದೆ."

ಅತ್ತೆ ತಟ್ಟನೆ ತಲೆ ಎತ್ತಿದಳು. "ಆ ಕಂಬಳಿ ಕೂಸಿಗೆ ಬೇಕಾಗಿತ್ತೇನ ಯವ್ವಾ? ನಾ ಸೊಸಿಗೆ ಹೊಚ್ಚಾಕ ಅಂದ್ಕೊಂಡಿದ್ದೆ."

"ಕೂಸಿಗ ಅಜ್ಜಿ. ಅದರಾಗ ಸುತ್ತಿ ತೊಡಿ ಮ್ಯಾಲ ಇಟಗೊಂಡು ಕುಂತಿದ್ದೆ. ನಾಲ್ಕಕ್ಕ ಐದು ನಿಮಿಷ ಕಮ್ಮಿ ಇತ್ತು, ಉಸಿರು ನಿಂತಿತು. ಅಲ್ಲೀತನಾ ಕೆಳಗಿಟ್ಟಿಲ್ರಿ ನಾನು."

ಬೀರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಮಗು ಹೋದ ದಿನದಿಂದ ಆಕೆ ಅತ್ತದ್ದನ್ನು ನಾನು ನೋಡಿರಲಿಲ್ಲ. ಆ ಕೋಣೆಯಲ್ಲಿ, ಆ ಔಷಧದ ವಾಸನೆಯ ನಡುವೆ, ಎಲ್ಲರ ಮುಂದೆ ಅತ್ತಳು. ಯಾರೂ ಆಕೆಯನ್ನು ಸುಮ್ಮನಿರು ಎನ್ನಲಿಲ್ಲ.

"ಕಣ್ಣು ಬಿಟ್ಟಿದ್ದಳೇನು?" ಎಂದು ಕೇಳಿದೆ.

"ಒಂದ ಕಣ್ಣು. ಸ್ವಲ್ಪ ಹೊತ್ತು," ಎಂದಳು ಸುಶೀಲಾ.

ಮುಕ್ಕಾಲು ಗಂಟೆ. ನನ್ನ ಮಗಳು ಮುಕ್ಕಾಲು ಗಂಟೆ ಈ ಲೋಕದಲ್ಲಿದ್ದಳು. ಅಜ್ಜಿಯ ಕಂಬಳಿಯಲ್ಲಿ, ಒಬ್ಬರ ತೊಡೆಯ ಮೇಲೆ ಇದ್ದಳು. ಐದು ತಿಂಗಳಿಂದ ನನ್ನ ಕಣ್ಣ ಮುಂದೆ ದವಾಖಾನೆಯ ತಗಡಿನ ತಟ್ಟೆಯೊಂದರಲ್ಲಿ ಒಬ್ಬಳೇ ಬಿದ್ದಿದ್ದ ಮಗಳು ಆ ಹೊತ್ತು ಅಲ್ಲಿಂದ ಎದ್ದಳು. ಇದನ್ನು ಕೇಳಿ ಏನು ಮಾಡುತ್ತಿ ಎಂದವರಿಗೆ ನನ್ನ ಉತ್ತರ ಇದು.

ಸತ್ತು ಹುಟ್ಟಿತು ಎಂದು ಬರೆದದ್ದೇಕೆ ಎಂದು ವಿಮಲಾ ಡಾಕ್ಟರು ಕೇಳಿದರು. ಸಂಜೆ ಎಲ್ಲ ಕಾಗದ ಒಟ್ಟಿಗೆ ಬರೆದರಂತೆ. "ನಾ ನೋಡಿದಾಗ ಉಸಿರಿರಲಿಲ್ಲ. ಯಾರನ್ನೂ ಕೇಳಲಿಲ್ಲ," ಎಂದರು ದೊಡ್ಡ ಡಾಕ್ಟರು. "ಕೇಳಬೇಕಾಗಿತ್ತು." ಬೇಕೆಂದೇ ಬರೆದರೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಸ್ ಪೇಪರ್ ತರಿಸಿ ಅವರೇ ಎರಡೂ ಸಾಲುಗಳ ಮೇಲೆ ಗೆರೆ ಎಳೆದು, ಬದಿಯಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಿದರು. ನನ್ನ ಕಾಗದದ ಮೇಲೂ ಹಾಗೇ ಮಾಡಿಕೊಟ್ಟರು. ನನ್ನ ಮುಖ ನೋಡಲಿಲ್ಲ. ಅವರು ಕ್ಷಮೆ ಕೇಳಲಿಲ್ಲ, ನಾನು ಕೊಡಲೂ ಇಲ್ಲ. ಅದು ಆ ದಿನದ ಕೆಲಸವಾಗಿರಲಿಲ್ಲ.

ಆ ಭಾನುವಾರದಿಂದ ಬದಲಾದದ್ದು ಕೆಲವು. ಬಿ.ಪಿ. ಪೆಟ್ಟಿಗೆಯ ಕೀಲಿ ಹೆರಿಗೆ ಕೋಣೆಯ ಗೋಡೆಯ ಮೊಳೆಗೆ ಬಂತು. ಬಸುರಿ ಬಂದರೆ ಚೀಟಿ ಕೊಡುವ ಮೊದಲೇ ನರ್ಸು ಪಟ್ಟಿ ಸುತ್ತಿ ನೋಡಬೇಕೆಂದಾಯಿತು. ಬಡಿಗನಿಂದ ಕಟ್ಟಿಗೆಯ ಪೆಟ್ಟಿಗೆ ಮಾಡಿಸಿ ಒಳಗೆ ಬಲ್ಬು ಹಾಕಿ, ಸಣ್ಣ ಕೂಸುಗಳನ್ನು ಬೆಚ್ಚಗಿಡಲು ಇಟ್ಟುಕೊಂಡರು. ಕೂಸು ಸತ್ತಾಗಲೆಲ್ಲ ಕೂತು ಮಾತಾಡುವುದು, ತಾಯಿಗೆ ಬರಲು ಹೇಳಿ ಕಳಿಸುವುದು ನಡೆಯಿತು. ಕೆಲವರು ಬಂದರು, ಹೆಚ್ಚಿನವರು ಬರಲಿಲ್ಲ. ಬರಲು ಅಂಜಿದ ಇಬ್ಬರ ಜೊತೆ ನಾನೇ ಹೋಗಿ ಕೂತಿದ್ದೆ. ವಿಮಲಾ ಡಾಕ್ಟರಿಗೆ ಎರಡು ವರ್ಷದ ಮೇಲೆ ಬೇರೆ ಕಡೆ ಕೆಲಸವಾಯಿತು, ಅವರು ಹೋದ ಮೇಲೆ ಕೂಡುವುದು ನಿಂತಿತು. ಎಲ್ಲವನ್ನೂ ಗೆದ್ದೆ ಎಂದು ನಾನು ಹೇಳುತ್ತಿಲ್ಲ.

ನನ್ನ ಬಿ.ಪಿ. ಆಮೇಲೆ ಪೂರ್ತಿ ಇಳಿಯಲೇ ಇಲ್ಲ. ಅಂದಿನಿಂದ ಗುಳಿಗೆ ನುಂಗುತ್ತಿದ್ದೇನೆ. ಮತ್ತೆ ಬಸುರಾದರೆ ಜೀವಕ್ಕೆ ಅಪಾಯವಾಗಬಹುದು ಎಂದು ವಿಮಲಾ ಡಾಕ್ಟರು ಹೇಳಿದ್ದರು. ನಾನೂ ಮಾಳಪ್ಪನೂ ಕೂತು ಮಾತಾಡಿ ಬೇಡ ಎಂದು ತೀರ್ಮಾನಿಸಿದೆವು. ಅವನಿಗೆ ಇನ್ನೊಂದು ಮದುವೆ ಮಾಡುವ ಮಾತು ತೆಗೆದುಕೊಂಡು ಅವನ ಅಕ್ಕ ಬಂದಾಗ ಬೀರವ್ವ ಆಕೆಗೆ ಚಹಾ ಕೊಟ್ಟು, "ನನ್ನ ಮೊಮ್ಮಗಳು ಹುಟ್ಟಿ ಹೋಗ್ಯಾಳ. ಈ ಮನ್ಯಾಗ ಮಕ್ಕಳಾಗಿಲ್ಲ ಅನ್ನಬ್ಯಾಡ," ಎಂದಳು. ಮಾತು ಅಲ್ಲಿಗೆ ನಿಂತಿತು.

ಒಂದು ಕೆಲಸ ಉಳಿದಿತ್ತು. ತಿದ್ದಿದ ಕಾಗದ ಕೈಗೆ ಬಂದ ವಾರದಲ್ಲೇ ಮಾಳಪ್ಪ ರಜೆ ಹಾಕಿದ. ಇಬ್ಬರೂ ಜನನ ಮರಣ ಬರೆಸುವ ಕಚೇರಿಗೆ ಹೋದೆವು. ಅಲ್ಲಿದ್ದ ಕಾರಕೂನ ಸಾವಧಾನದ ಮನುಷ್ಯ. ಕಾಗದ ಓದಿ, ಕನ್ನಡಕ ತೆಗೆದು ಒರೆಸಿಕೊಂಡ.

"ಹುಟ್ಟಿದ್ದೂ ಅವತ್ತ, ಹೋದದ್ದೂ ಅವತ್ತ. ಬರಸಲೇಬೇಕೇನ್ರಿ?" ಎಂದು ಕೇಳಿದ. ದನಿಯಲ್ಲಿ ಕುಹಕ ಇರಲಿಲ್ಲ.

"ಬರಸಲೇಬೇಕು," ಎಂದ ಮಾಳಪ್ಪ. ಐದು ತಿಂಗಳಲ್ಲಿ ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

"ಹೆಸರು ಇಟ್ಟಿದ್ರೇನು?"

ನಾವು ಇಟ್ಟಿರಲಿಲ್ಲ. ನಾನು ಮಾಳಪ್ಪನ ಕಡೆ ನೋಡಿದೆ. ಅವಳನ್ನು ಎತ್ತಿಕೊಂಡು ಹೊಲದವರೆಗೆ ನಡೆದವನು ಅವನು. ಮುಖ ಕಂಡವನು ನಮ್ಮಿಬ್ಬರಲ್ಲಿ ಅವನೊಬ್ಬನೇ.

"ಚಂದ್ರವ್ವ," ಎಂದ. ನಾನು ಕೇಳದಿದ್ದರೂ, "ದುಂಡಗಿತ್ತು ಮುಖಾ," ಎಂದು ನನಗೆ ಹೇಳಿದ.

ಕಾರಕೂನ ಎರಡು ದಪ್ಪ ಪುಸ್ತಕಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. ಒಂದು ಜನನದ್ದು, ಇನ್ನೊಂದು ಮರಣದ್ದು. ಎರಡನ್ನೂ ತೆರೆದು, ಪೆನ್ನು ಹಿಡಿದು, ಒಂದು ಕ್ಷಣ ತಡೆದ.

"ಯಾವುದು ಮೊದಲ ಬರೀಲ್ರಿ?"

"ಹುಟ್ಟಿದ್ದು ಬರೀರಿ," ಎಂದೆ. "ಆಕಿ ಮೊದಲ ಹುಟ್ಟಿದಳು."